ಕಣ್ಣಾರೆ ಅಕ್ಕನವರ ‘ನೋಡಿಲ್ಲ’

ವಿದ್ವತ್ ಪತ್ರಿಕೆಯ ಮುಖಪುಟದಲ್ಲಿ ಸಂಪಾದಕರ ಹೆಸರಿರುತ್ತದೆ, ಒಳಪುಟಗಳಲ್ಲಿ ಲೇಖಕರ ಹೆಸರಿರುತ್ತದೆ; ಪ್ರಬಂಧದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೂತ ಉಲ್ಲೇಖಗಳನ್ನು ತಿದ್ದಿ ತೀಡಿ, ಹೆಸರು, ಇಸವಿ, ಸಂಪುಟ, ಪುಟಗಳನ್ನು ಶಿಸ್ತಿಗೆ ತಂದವರ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ. ಆ ಕಾಯಕದಲ್ಲಿ ಒಂದು ತಲೆಮಾರು ದುಡಿದು ಇದೀಗ ನಿವೃತ್ತರಾಗುತ್ತಿರುವ ಉಲ್ಲೇಖ ಸಂಪಾದಕಿ, ಎಲ್ಲರ ಬಾಯಲ್ಲೂ ‘ಕಣ್ಣಾರೆ ಅಕ್ಕ’ ಆಗಿರುವ ಹಿರಿಯರ ಅಭಿನಂದನ ಗ್ರಂಥಕ್ಕೆ ನಾಲ್ಕು ಮಾತು ಬರೆಯುವ ಭಾಗ್ಯ ಅವರ ಕೈಕೆಳಗೆ ಪಳಗಿದ ಕಿರಿಯಳಿಗೆ ಒದಗಿದೆ. ಮಾತಿನ ನಡುವೆ ತಡವರಿಸುವ ಚಾಳಿಗಾಗಿ ಅಕ್ಕನವರು ಆಕೆಗೆ ‘ಅಲ್ಪವಿರಾಮ’ ಎಂಬ ಬಿರುದು ಕೊಟ್ಟಿದ್ದರು. ಈ ಬರಹದಲ್ಲಿಯೂ ಆಕೆ ಆ ಹೆಸರಿನಿಂದಲೇ ಬರುತ್ತಾಳೆ.

ಅಕ್ಕನವರಿಗೆ ಆ ಹೆಸರು ಬಂದದ್ದು ಅವರ ಒಂದೇ ಒಂದು ಪ್ರಶ್ನೆಯಿಂದ: “ಕಣ್ಣಾರೆ ನೋಡಿದ್ಯಾ?” ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಉಳಿದವರು ಆಡಿಬಿಟ್ಟರೆ, ಅವರು ಅದನ್ನು ಬದುಕಿದರು. ಲೇಖಕ ಹೆಸರಿಸಿದ ಪುಸ್ತಕವನ್ನು ತರಿಸಿ, ಆ ಪುಟ ತೆರೆದು, ಸಾಲಿನ ಮೇಲೆ ಬೆರಳಿಡುವವರೆಗೆ ಅವರು ಯಾವ ಉಲ್ಲೇಖವನ್ನೂ ಅಚ್ಚಿಗೆ ಬಿಡುತ್ತಿರಲಿಲ್ಲ. ಸಿಗದಿದ್ದರೆ ಅಂಚಿನಲ್ಲಿ ಪೆನ್ಸಿಲ್ಲಿನಿಂದ ‘ನೋಡಿಲ್ಲ’ ಎಂದು ಬರೆಯುವರು. ಆ ಪದ ಅಲ್ಲಿರುವಷ್ಟು ಕಾಲ ಹಸ್ತಪ್ರತಿ ಮೇಜಿನ ಖಾನೆ ಬಿಟ್ಟು ಕದಲುವಂತಿಲ್ಲ. ಪತ್ರಿಕೆ ಹುಟ್ಟಿದಂದಿನಿಂದ ಬಂದ ಕಟ್ಟಳೆ ಅದು. ಪ್ರಧಾನ ಸಂಪಾದಕರೂ ಅದನ್ನು ಮೀರಿದ್ದಿಲ್ಲ.

ಅಲ್ಪವಿರಾಮ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪ್ರಬಂಧದ ನಡುವಿನಿಂದ ಒಂದು ಟಿಪ್ಪಣಿ ಕಿತ್ತುಹಾಕಿ, ಮುಂದಿನ ಅಂಕಿಗಳನ್ನು ಸರಿಪಡಿಸಲು ಮರೆತಳು. ಉಳಿದವೆಲ್ಲ ಒಂದೊಂದು ಸ್ಥಾನ ಜಾರಿ, ಸತ್ತವರು ಆಡಿದ ಮಾತು ಬದುಕಿದ್ದವರ ಬಾಯಿಗೆ, ಬದುಕಿದ್ದವರದು ಸತ್ತವರ ಬಾಯಿಗೆ ಬಂದಿತ್ತು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಅಕ್ಕನವರು ಬೈಯಲಿಲ್ಲ, ಊಟ ಬಿಟ್ಟು ಪಕ್ಕದಲ್ಲಿ ಕೂತು, ಒಂದೊಂದನ್ನೇ ಮೂಲ ಸ್ಥಾನಕ್ಕೆ ಸೇರಿಸಿದರು. “ಯಾರ ಮಾತು ಯಾರ್ದು ಅಂತ ಕಾಯೋದೇ ನಮ್ಮ ಕೆಲಸ ಕಣೇ. ಜಾರಿದ್ರೆ ಅವರಿಗೂ ದಾರಿ ತಪ್ಪುತ್ತೆ” ಎಂದರು. ಅವರಿಗೆ ಎಂದರೆ ಯಾರಿಗೆ ಎಂದು ಕೇಳುವ ಧೈರ್ಯ ಆಗ ಅವಳಿಗಿರಲಿಲ್ಲ.

ಅವರು ಕೂತು ದುಡಿಯುತ್ತಿದ್ದ ಕೋಣೆಯೂ ವಿಚಿತ್ರವೇ. ನೆಲಮಾಳಿಗೆ, ಮೇಲಿನ ಸಣ್ಣ ಕಿಟಕಿಯಲ್ಲಿ ಬೀದಿಯವರ ಪಾದಗಳಷ್ಟೇ ಕಾಣುತ್ತಿದ್ದವು. ಹಗಲು ಹೊತ್ತಿನಲ್ಲೇ, ಕಪಾಟಿನ ಆಚೆ ಯಾರೋ ಹಾಳೆ ಮಗುಚಿದ ಸದ್ದು ಕೇಳುವುದು. ಅಕ್ಕನವರು ತಲೆ ಎತ್ತದೆ, “ನೋಡಿ ಆದ್ಮೇಲೆ ಅಲ್ಲೇ ಇಡಿ” ಎನ್ನುವರು. ಆಚೆ ಯಾರೂ ಇರುತ್ತಿರಲಿಲ್ಲ.

ಅಕ್ಕನವರ ಸೇವೆಯ ನಡುಗಾಲದಲ್ಲಿ, ಕೆರೆಯ ಹೂಳಿನ ಮೇಲಿನ ಒಂದು ಹಸ್ತಪ್ರತಿಯಲ್ಲಿ ಅಂದಿನ ಪ್ರಧಾನ ಸಂಪಾದಕರ ಹೆಸರಿನ ಉಲ್ಲೇಖವೊಂದು ಬಂತು: ಇದೇ ಪತ್ರಿಕೆ, ಇನ್ನೂ ಹೊರಬರದ ಮುಂದಿನ ಸಂಪುಟ, ಆರಂಭದ ಪುಟಗಳು. ಸಂಪಾದಕರು ಹೊಟ್ಟೆ ಹಿಡಿದು ನಕ್ಕರು. “ನಾನು ಬರೆದೇ ಇಲ್ವಲ್ಲ ತಾಯಿ, ಹೊಡೆದುಹಾಕಿ!” ಲೇಖಕರನ್ನು ಕೇಳಿದರೆ, ತಾನು ಅದನ್ನು ಸೇರಿಸಿಯೇ ಇಲ್ಲ ಎಂದರು. ಅಕ್ಕನವರು ಹೊಡೆದುಹಾಕಿದರು, ಸಂಚಿಕೆ ಅಚ್ಚಾಯಿತು. ಮುಂದಿನ ಸಂಪುಟದ ಹೊತ್ತಿಗೆ ಸಂಪಾದಕರು ಇರಲಿಲ್ಲ. ತೀರಿಕೊಂಡವರ ಶ್ರದ್ಧಾಂಜಲಿಗೆ ಆರಂಭದ ಪುಟಗಳನ್ನು ಬಿಡುವುದು ಪತ್ರಿಕೆಯ ರೂಢಿ. ಆ ಉಲ್ಲೇಖ ಹೇಳಿದ ಪುಟಗಳಲ್ಲಿ, ಹೇಳಿದ ಪುಟದಿಂದ ಹೇಳಿದ ಪುಟದವರೆಗೆ, ಅವರ ಶ್ರದ್ಧಾಂಜಲಿಯೇ ಅಚ್ಚಾಗಿತ್ತು.

ಕೆಲವು ವರ್ಷಗಳ ಮೇಲೆ ಮತ್ತೊಂದು ಹಸ್ತಪ್ರತಿ ಬಂತು. ಪ್ರಬಂಧ ಸಪ್ಪೆ, ಉಲ್ಲೇಖಗಳು ಮಾತ್ರ ಮಾರುದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಅವುಗಳ ನಡುವೆ ಮೊಳೆಯಣ್ಣನ ಹೆಸರಿತ್ತು: ಮುಂದಿನ ಸಂಪುಟ, ಆರಂಭದ ಪುಟಗಳು. ಅಚ್ಚುಮೊಳೆ ಜೋಡಿಸುವ ಕಾಲದಿಂದಲೂ ಪತ್ರಿಕೆಯ ಪುಟ ಕಟ್ಟುತ್ತಿರುವವನು ಮೊಳೆಯಣ್ಣ. “ನಾನೆಲ್ಲಿ ಅಕ್ಕಾ! ರಜೆ ಚೀಟಿ ಬರೆಯೋಕೇ ಬೆವರುತ್ತೀನಿ” ಎಂದ ಅವನು. ಅಕ್ಕನವರು ಈ ಸಲ ಹೊಡೆದುಹಾಕಲಿಲ್ಲ, ಬಿಡಲೂ ಇಲ್ಲ. ಅಂಚಿನಲ್ಲಿ ‘ನೋಡಿಲ್ಲ’ ಎಂದು ಬರೆದು, ಖಾನೆಗೆ ಹಾಕಿ ಬೀಗ ಜಡಿದರು.

ಲೇಖಕರು ಕೂಗಾಡಿದರು, ಪತ್ರಿಕೆಯ ಆಡಳಿತ ಸಮಿತಿಗೆ ದೂರು ಕೊಟ್ಟರು. ವಿಳಂಬಕ್ಕೆ ಕಾರಣ ಕೇಳಿದಾಗ ಅಕ್ಕನವರು ತುಟಿ ಪಿಟಕ್ಕೆನ್ನಲಿಲ್ಲ. ಅವರಿಗೆ ಬರಬೇಕಿದ್ದ ಪ್ರಧಾನ ಸಂಪಾದಕ ಪೀಠ ಬೇರೆಯವರ ಪಾಲಾಯಿತು. ಅವರದು ಮೊಂಡುತನ ಎಂದು ಹಲವರು ಇಂದಿಗೂ ನಂಬಿದ್ದಾರೆ. ಮೊಳೆಯಣ್ಣ ಗುಂಡುಕಲ್ಲಿನ ಹಾಗೆ ಇದ್ದಾನೆ, ಮೊಮ್ಮಗಳ ಮದುವೆ ಮಾಡಿದ್ದಾನೆ. ಈ ಗ್ರಂಥದ ಪುಟಗಳನ್ನೂ ಅವನೇ ಕಟ್ಟುತ್ತಿದ್ದಾನೆ.

ಇದನ್ನೆಲ್ಲ ಅಕ್ಕನವರು ಅಲ್ಪವಿರಾಮಳಿಗೆ ಹೇಳಿದ್ದು ಖಾನೆಯ ಬೀಗದ ಕೈ ಒಪ್ಪಿಸುವಾಗ. “ಹೊಡೆದುಹಾಕೋದೂ ಒಂದು ತೀರ್ಪೇ ಕಣೇ. ಒಂದು ಸಲ ಕೊಟ್ಟು ನೋಡಿದೀನಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತ ಬರೆದು ಕಾಯೋದು, ಅಷ್ಟೇ ನಮ್ಮ ಕೈಲಿರೋದು.”

ಇಲ್ಲಿಯವರೆಗಿನದು ಮೊದಲು ಬರೆದದ್ದು. ಮುಂದಿನದನ್ನು ಕರಡಚ್ಚಿನ ಹಾಳೆಯಲ್ಲಿ ಸೇರಿಸಲಾಗಿದೆ.

ಗ್ರಂಥದ ಕರಡಚ್ಚು ಬಂದ ಮಧ್ಯಾಹ್ನ ಅಲ್ಪವಿರಾಮ ತನ್ನ ಲೇಖನದ ಕೊನೆಯ ಪುಟ ತೆರೆದಳು. ಅವಳು ಈ ಲೇಖನಕ್ಕೆ ಉಲ್ಲೇಖವನ್ನೇ ಕೊಟ್ಟಿರಲಿಲ್ಲ. ಕೊನೆಯಲ್ಲಿ ಒಂದು ಇತ್ತು: ಅಕ್ಕನವರ ಪೂರ್ಣ ಹೆಸರು, ಪತ್ರಿಕೆಯ ಮುಂದಿನ ಸಂಪುಟ, ಆರಂಭದ ಪುಟಗಳು. ಕಿಟಕಿಯಲ್ಲಿ ಪಾದಗಳು ಓಡಾಡುತ್ತಿದ್ದವು. ಕಪಾಟಿನ ಆಚೆ ಹಾಳೆ ಮಗುಚುವ ಸದ್ದು ನಿಂತಿತು.

ಅವಳು ಅದನ್ನು ಅಕ್ಕನವರ ಮನೆಗೆ ಒಯ್ದಳು. ಅವರು ಕನ್ನಡಕ ಏರಿಸಿ, ಬೆರಳಿಟ್ಟು ಓದಿ ನಕ್ಕುಬಿಟ್ಟರು. “ಪರವಾಗಿಲ್ಲ. ಹೆಸರು, ಚುಕ್ಕಿ, ಆವರಣ, ಎಲ್ಲಾ ಸರಿಯಾಗಿದೆ. ಇಷ್ಟು ವರ್ಷಕ್ಕೆ ಒಂದಾದ್ರೂ ತಿದ್ದೋ ಹಾಗಿಲ್ಲದ್ದು ಬಂತಲ್ಲ!”

“ನಗಬೇಡಿ, ಅಕ್ಕಾ.”

“ಅಳಲಾ ಹಾಗಾದ್ರೆ? ನೋಡು, ಗ್ರಂಥ ಬರ್ಲಿಲ್ಲ ಅಂದ್ರೆ ಸಮಿತಿಯವರು ನಿನ್ನ ಸುಮ್ನೆ ಬಿಡಲ್ಲ. ನನ್ನ ಕುರ್ಚಿ ನಿನಗೆ ಇನ್ನೂ ಖಾಯಂ ಆಗಿಲ್ಲ. ನನ್ನದೇನು, ಮಾಗಿದ ಜೀವ. ಹೋಗ್ಲಿ ಬಿಡು.”

ಅಲ್ಪವಿರಾಮ ಈ ಸಲ ತಡವರಿಸಲಿಲ್ಲ. “ನೀವು ಬರೆದ ಆ ಲೇಖನ ನಾನು ಕಣ್ಣಾರೆ ನೋಡಿಲ್ಲ, ಅಕ್ಕಾ. ನೋಡದೆ ಹೇಗೆ ಬಿಡ್ಲಿ?”

ಅಕ್ಕನವರು ಮೇಜಿನಿಂದ ತಮ್ಮ ಮೋಟು ಪೆನ್ಸಿಲ್ಲನ್ನು ತೆಗೆದು ಅವಳ ಕೈಗಿಟ್ಟರು. ಹೋಗಲಿ ಬಿಡು ಎಂದವರಿಗೂ ಹೋಗುವ ಮನಸ್ಸಿರಲಿಲ್ಲ ಎಂದು ಅವಳಿಗೆ ಆಗ ತಿಳಿಯಿತು.

ತನ್ನ ಲೇಖನವನ್ನಷ್ಟೇ ತೆಗೆದರೆ ಅದೂ ಹೊಡೆದುಹಾಕಿದಂತೆಯೇ ಎಂದುಕೊಂಡು, ಅವಳು ಅಂಚಿನಲ್ಲಿ ‘ನೋಡಿಲ್ಲ’ ಎಂದು ಬರೆದು ಇಡೀ ಗ್ರಂಥದ ಕರಡಚ್ಚನ್ನು ಖಾನೆಗೆ ಹಾಕಿ ಬೀಗ ಜಡಿದಳು. ಬಿಡುಗಡೆ ಸಮಾರಂಭದ ದಿನ ರೇಷ್ಮೆ ದಾರ ಬಿಚ್ಚಿ ಅತಿಥಿಗಳು ಎತ್ತಿ ತೋರಿಸಿದ ದಪ್ಪ ಸಂಪುಟದೊಳಗೆ ಬರೀ ಬಿಳಿ ಹಾಳೆಗಳಿದ್ದವು. ಮೊಳೆಯಣ್ಣ ತಾನೇ ಕಟ್ಟಿ ಕೊಟ್ಟದ್ದು. ಯಾಕೆ ಎಂದು ಅವನು ಕೇಳಲಿಲ್ಲ. ಸಮಿತಿಯವರ ಪತ್ರ ಅಲ್ಪವಿರಾಮಳಿಗೆ ಬಂದಿದೆ, ಎರಡನೆಯದೂ ಬಂದಿದೆ. ಬರುತ್ತಿರಲಿ.

ಹಿರಿಯರಾದ ಕಣ್ಣಾರೆ ಅಕ್ಕನವರು ನೂರ್ಕಾಲ ಬಾಳಲಿ, ಅವರ ಬೆರಳು ಇನ್ನೂ ಸಾವಿರ ಸಾಲುಗಳ ಮೇಲೆ ಓಡಾಡಲಿ ಎಂದು ಹಾರೈಸುವ ಈ ಬರಹಕ್ಕೆ ಅಚ್ಚಿನ ಆಸೆಯಿಲ್ಲ. ಖಾನೆಯ ಕತ್ತಲೆಯಲ್ಲಿ ಅದು ಕರಡಾಗಿಯೇ ಹಣ್ಣಾಗಲಿ. ಓದುತ್ತಿರುವವರು ದಯವಿಟ್ಟು ಒಮ್ಮೆ ಅಂಚನ್ನು ನೋಡಬೇಕು. ಅಲ್ಲಿ ಪೆನ್ಸಿಲ್ಲಿನ ಒಂದು ಪದವಿದ್ದರೆ ಅಕ್ಕನವರು ಕ್ಷೇಮ. ಕೈಯಲ್ಲಿರುವುದು ಹೊಲಿದು ಕಟ್ಟಿದ ಪುಸ್ತಕವಾಗಿದ್ದು, ಅಂಚು ಬೆಳ್ಳಗಿದ್ದರೆ, ಆ ಕುರ್ಚಿಯಲ್ಲಿ ಈಗ ಕೂತಿರುವವಳು ಅಲ್ಪವಿರಾಮ ಅಲ್ಲ.