ಜಾಲರಿಯೊಳಗಿನ ಚೆಂಡು ಹೂ

ದಾವಣಗೆರೆಯ ಕಾರ್ ಸರ್ವಿಸ್ ಸೆಂಟರಿನಲ್ಲಿ ದೂರು ಬರೆದುಕೊಳ್ಳುವವಳು ನಾನು. ಹರಿಹರದಿಂದ ಇಬ್ಬರು ಗೆಳೆಯರು ಒಂದೇ ಮಾದರಿಯ ಸ್ಪೋರ್ಟ್ಸ್ ಕಾರುಗಳಲ್ಲಿ ಬಂದಿದ್ದರು.

“ಹೈವೇಗೆ ಬಂದ್ರೆ ಸಾಕು, ಆಯಿಲ್ ಕಾದು ಕೆಂಪು ದೀಪ ಬರ್ತೈತೆ. ಕಂಪನಿಯೋರು ಇಂಜಿನ್ನೇ ಬದಲಿಸ್ಬೇಕ್ರಿ,” ಅಂದರು ಒಬ್ಬರು.

“ನಂದು ತಣ್ಣಗೈತಲ್ಲೋ. ನೀ ಓಡ್ಸೋದಕ್ಕೆ ಕಂಪನಿ ಏನ್ ಮಾಡ್ತೈತೆ?” ಅಂದರು ಇನ್ನೊಬ್ಬರು.

ನಾನು ಕುಕ್ಕರಗಾಲಲ್ಲಿ ಕೂತು, ದೂರು ಹೇಳಿದವರ ಕಾರಿನ ಮುಂದಿನ ಜಾಲರಿಯೊಳಗೆ ಟಾರ್ಚ್ ಬೆಳಕು ಬಿಟ್ಟೆ. ಆಯಿಲ್ ತಣಿಸುವ ಕೂಲರಿನ ತುಂಬ ಒಣಗಿದ ಚೆಂಡು ಹೂವಿನ ಎಸಳು.

“ಸರ್, ಹಾರ...?” ಎಂದೆ.

“ಪ್ರತಿ ಅಮಾಸಿಗೆ ಉಕ್ಕಡಗಾತ್ರಿ ಅಜ್ಜಯ್ಯನ ಗುಡೀಲಿ ಕಾರಿಗೆ ಹಾಕಿಸ್ತೀನಮ್ಮ. ಒಣಗಿ ಉದುರೋವರೆಗೂ ತೆಗೆಯಲ್ಲ.”

“ಹಂಗಾರೆ ಅಜ್ಜಯ್ಯನ ಮ್ಯಾಲೆ ಕೇಸ್ ಹಾಕು,” ಇನ್ನೊಬ್ಬರು ನಕ್ಕರು.

ಹೂ ತೆಗೆಸಿ ಹೈವೇಯಲ್ಲಿ ಓಡಿಸಿ ನೋಡಿದೆವು, ಆಯಿಲ್ ತಣ್ಣಗಿತ್ತು. ಕಂಪನಿಯ ಫಾರ್ಮಿನಲ್ಲಿ ಕಾರಣ ‘ಹೊರಗಿನ ಕಸ’ ಎಂದು ತುಂಬಿ, ತಪ್ಪಾಯಿತೆಂದು ಅಜ್ಜಯ್ಯನಿಗೆ ಮನಸ್ಸಿನಲ್ಲೇ ಕೈಮುಗಿದೆ.