ಗಿರಣಿ ಗುಂಪಿಗೆ ಖಾಜಾಬಿಯ ಸುದ್ದಿ

ಬೆಳಿಗ್ಗೆ ಜೋಳ ಹಸನು ಮಾಡುತ್ತ ಕೂತಿದ್ದೆ. ಮೊರದ ಪಕ್ಕದಲ್ಲಿದ್ದ ಫೋನು ಗುರ್ ಎಂದಿತು. ಖಾಜಾಬಿಯೇ. ಇಷ್ಟುದ್ದದ ಮಾತು ಕಳಿಸುವವಳು ಶಹಾಪುರದ ನಮ್ಮ ಓಣಿಯಲ್ಲಿ ಇನ್ನೊಬ್ಬಳಿಲ್ಲ. ನನ್ನ ಓದು ಅಷ್ಟಕ್ಕಷ್ಟೇ. ಒತ್ತಕ್ಷರ ಬಂದರೆ ದಾಟಿಕೊಂಡು ಮುಂದೆ ಹೋಗುತ್ತೇನೆ. ಅದಕ್ಕೇ ಫೋನಿನಲ್ಲಿ ಬರುವ ದನಿಯೇ ನನಗೆ ಪೇಪರು.

ಈ ಗುಂಪು ಶುರುವಾಗಿದ್ದು ಸುದ್ದಿಗಲ್ಲ, ಹಿಟ್ಟಿಗೆ. ಕರೆಂಟು ಯಾವಾಗ ಬರುತ್ತದೋ ಗೊತ್ತಾಗದೆ ನಾವು ಜೋಳದ ಡಬ್ಬಿ ಹೊತ್ತು ಹೋಗಿ, ಹಾಗೇ ಹೊತ್ತು ತರುತ್ತಿದ್ದೆವು. ಗಿರಣಿ ನೀಲವ್ವ ಬೇಸತ್ತು ಓಣಿಯ ಹೆಂಗಸರನ್ನೆಲ್ಲ ಫೋನಿನಲ್ಲಿ ಒಂದು ಗುಂಪಿಗೆ ಸೇರಿಸಿದಳು. ಕರೆಂಟು ಬಂದ ಕೂಡಲೇ ಬರ್ರಿ ಎಂದು ಕರೆಯುವುದು, ಅಷ್ಟೇ ಅದರ ಕೆಲಸ.

ಅಷ್ಟಕ್ಕೇ ಬಿಡುವವಳೇ ಖಾಜಾಬಿ? ಅವಳು ಮೊದಲು ಮನೆ ಮನೆಗೆ ಬಳೆ ಮಾರುತ್ತಿದ್ದಳು. ಬಳೆ ಇಡಿಸುತ್ತ ಇಡಿಸುತ್ತ ಸುರಪುರದ ಸುದ್ದಿ ಶಹಾಪುರಕ್ಕೆ, ಶಹಾಪುರದ್ದು ಸುರಪುರಕ್ಕೆ. ಸುದ್ದಿ ರುಚಿಯಾಗಿದ್ದರೆ ಬೇಡದಿದ್ದರೂ ಇನ್ನೊಂದಿಷ್ಟು ಬಳೆ ಇಡಿಸಿಕೊಂಡು ನಾನು ಮನೆಯಲ್ಲಿ ಬೈಸಿಕೊಂಡದ್ದುಂಟು. ಮೊಣಕಾಲು ಕೈಕೊಟ್ಟ ಮೇಲೆ ಅವಳು ಹೊಸ್ತಿಲು ದಾಟಲಿಲ್ಲ. ಉರ್ದುವಿನಲ್ಲಿ ಕೇಳಿದ ಫೋನು, ಮಷೀನುಗಳ ಸುದ್ದಿಯನ್ನು ಗುಂಪಿನಲ್ಲಿ ನಮಗೆ ಕನ್ನಡದಲ್ಲಿ ಹಂಚತೊಡಗಿದಳು. ಮಡಚುವ ಫೋನು, ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಮಷೀನು, ಹೊಸ ಅಪ್‌ಡೇಟ್ ಒತ್ತಬೇಕೋ ಬೇಡವೋ. ನಾನು ಅರ್ಧಕ್ಕೇ ಸಾಕಾಗಿ ಬಂದ್ ಮಾಡುತ್ತಿದ್ದೆ.

ಒಮ್ಮೆ ಹೇಳಿದಳು, ಮಷೀನು ಈಗ ಯಾರ ದನಿಯನ್ನಾದರೂ ಕದ್ದು ಮಾತಾಡುತ್ತದಂತೆ, ನಂಬಬೇಡಿ ಎಂದು. ಮರುದಿನ ನೀಲವ್ವ ಕರೆಂಟು ಬಂತು ಎಂದು ಕರೆದರೆ ಒಬ್ಬರೂ ಹೋಗಲಿಲ್ಲ. ನೀನೋ ಮಷೀನೋ ಎಂದು ಯಾರೋ ಅವಳನ್ನೇ ತಿರುಗಿ ಕೇಳಿದರು. ಆಮೇಲೆ ನೀಲವ್ವ, ಕರೆದದ್ದು ತಾನೇ ಎಂದು ತಿಳಿಯಲಿ ಅಂತ ತಿರುಗುವ ಗಿರಣಿಯ ಪಕ್ಕದಲ್ಲೇ ನಿಂತು ಕರೆಯತೊಡಗಿದಳು. ಗಿರಣಿಯ ಸದ್ದು ಕೇಳುತ್ತಿತ್ತು, ನೀಲವ್ವನ ದನಿ ಕೇಳುತ್ತಿರಲಿಲ್ಲ. ಕೊನೆಗೆ ಸಿಟ್ಟಿಗೆದ್ದು ಖಾಜಾಬಿಯನ್ನು ಗುಂಪಿನಿಂದ ತೆಗೆದೇಬಿಟ್ಟಳು.

ನಾನು ಖಾಜಾಬಿಯ ಮನೆಗೆ ಹೋದೆ. ಅವಳು ಅಳುವ ಪೈಕಿಯಲ್ಲ. ಫೋನನ್ನು ದಿಂಬಿನ ಕೆಳಗೆ ತುರುಕಿ ಗೋಡೆ ನೋಡುತ್ತಿದ್ದಳು.

"ಕಾಲು ಮನ್ಯಾಗ ಕುಂತಾವ ಅಕ್ಕಾ. ಬಾಯಿನೂ ಕುಂದ್ರಸು ಅಂದ್ರ ಹ್ಯಾಂಗ?"

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ನೆಟ್ಟಗೆ ಗಿರಣಿಗೆ ಹೋಗಿ, ತೆಗೆದವಳು ನೀನು, ಅದನ್ನು ಅವಳ ಮುಖಕ್ಕೆ ಹೇಳುವವಳೂ ನೀನೇ ಆಗು ಅಂದೆ. ನೀಲವ್ವ ತಲೆತುಂಬ ಹಿಟ್ಟು ಮೆತ್ತಿಕೊಂಡೇ ಬಂದಳು. ಖಾಜಾಬಿ ಅವಳಿಗೆ ಬಾ ಅನ್ನಲೂ ಇಲ್ಲ.

"ಇಕಿ ಖರೇ ನೀಲವ್ವನೋ, ಮಷೀನೋ? ಕೈ ಕೊಡಿಲ್ಲಿ."

ಬಳೆ ಇಡಿಸುವಾಗಿನಂತೆ ಅಂಗೈ ಮಡಚಿ, ಗೆಣ್ಣು ಒತ್ತಿ ನೋಡಿದಳು.

"ಹೌದು, ಇಕೀನೇ. ಮದಿವ್ಯಾಗ ನಾನೇ ಬಳಿ ಇಡಿಸೀನಿ. ಮಂದಿ ಹಿಟ್ಟು ತಿಂದು ಕೈ ದಪ್ಪಾಗ್ಯಾವ."

ಬೈಯಲು ಬಂದಿದ್ದ ನೀಲವ್ವನಿಗೆ ನಗು ತಡೆಯಲಾಗಲಿಲ್ಲ. ಆ ಕೈ ಬಿಡಿಸಿಕೊಳ್ಳದೆ ಇನ್ನೊಂದರಲ್ಲಿ ಫೋನು ತೆಗೆದು ಖಾಜಾಬಿಯನ್ನು ಮತ್ತೆ ಸೇರಿಸಿದಳು. ನೀಲವ್ವನ ಕೈ ನೋಡಿದ್ದೇನೆ, ಖರೇ ಇದ್ದಾಳೆ, ಜೋಳ ಒಯ್ಯಿರಿ ಎಂದು ಖಾಜಾಬಿ ಅಲ್ಲಿಂದಲೇ ಗುಂಪಿಗೆ ಹೇಳಿದಳು.

ಇವತ್ತಿನ ಸುದ್ದಿ ಒಂದು ಕನ್ನಡಕದ್ದು. ಹಾಕಿಕೊಂಡರೆ ಎದುರಿಗಿರುವ ಬರಹವನ್ನು ಅದೇ ಓದಿ ಹೇಳುತ್ತದಂತೆ. ನಡುವೆ ಬಂದ್ ಮಾಡದೆ ಪೂರ್ತಿ ಕೇಳಿದೆ. ಅಷ್ಟರಲ್ಲಿ ನೀಲವ್ವನ ಕರೆ ಬಂದು ಎಷ್ಟೋ ಹೊತ್ತಾಗಿತ್ತು. ಸಾಲು ಉದ್ದವಿರುತ್ತದೆಂದು ಬಿರಬಿರನೆ ನಡೆದರೆ, ಗಿರಣಿಯ ಮುಂದೆ ಒಂದು ಡಬ್ಬಿಯೂ ಇಲ್ಲ. ಉಳಿದವರೂ ಇನ್ನೂ ಮನೆಯಲ್ಲೇ ಕನ್ನಡಕದ ಸುದ್ದಿ ಕೇಳುತ್ತಿದ್ದರೇನೋ. ನೀಲವ್ವ ಗಿರಣಿ ನಿಲ್ಲಿಸಿ, ಖಾಜಾಬಿಯ ದನಿ ಬರುತ್ತಿದ್ದ ಫೋನು ಕಿವಿಗೆ ಹಿಡಿದು ನಿಂತಿದ್ದಳು.

"ತಡೀ ಯವ್ವಾ, ಇನ್ನೂ ಸ್ವಲ್ಪ ಅದ."

ನಾನು ಡಬ್ಬಿ ಇಳಿಸಿ, ಕೇಳಿದ್ದನ್ನೇ ಮತ್ತೆ ಕೇಳುತ್ತ ಕೂತೆ.