ಚಿಕ್ಕಮ್ಮನ ಪಥ್ಯ

ನಂಗಲಿಯ ಹೆದ್ದಾರಿ ಪಕ್ಕದಲ್ಲಿ ನನ್ನ ಚಿಕ್ಕಮ್ಮನದೊಂದು ಸಣ್ಣ ಹೋಟೆಲಿದೆ. ಲಾರಿ ಡ್ರೈವರುಗಳಿಗೆ ಮುದ್ದೆ, ಸಾರು. ಅದರ ಹಿತ್ತಲ ಬೇವಿನ ಮರಕ್ಕೆ ಹಬ್ಬಿದ್ದ ಅಮೃತಬಳ್ಳಿಯನ್ನೇ ನಾನು ಕೋಲಾರದ ನಮ್ಮ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದೆ. ಅದರ ಸತ್ವ ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುತ್ತದೆಯೇ, ಮೈಯ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಹಾಗಿರುವಾಗ ಚಿಕ್ಕಮ್ಮನ ಎದೆಯಲ್ಲೇ ಗಂಟು ಕಾಣಿಸಿಕೊಂಡಿತು. ದೇವರಿಗೆ ಹಾಸ್ಯಪ್ರಜ್ಞೆ ಇದೆ ಎನ್ನುವವರನ್ನು ಕಂಡರೆ ಅಂದಿನಿಂದ ನನಗೆ ಮೈಯೆಲ್ಲ ಉರಿಯುತ್ತದೆ.

ಕೀಮೋ ಶುರುವಾಯಿತು. ಎರಡು ಸುತ್ತು ಮುಗಿದ ಮೇಲೆ, ಬಿಳಿ ರಕ್ತಕಣ ಕಡಿಮೆಯಾಗಿದೆ, ಮುಂದಿನ ವಾರ ಬನ್ನಿ ಎಂದು ಡಾಕ್ಟರು ವಾಪಸು ಕಳಿಸಿದರು. ಅದೇ ವಾರ ನಮ್ಮ ಪ್ರಯೋಗಾಲಯದ ಮುಖ್ಯಸ್ಥರು ವರದಿಗಾರನೊಬ್ಬನ ಮುಂದೆ ಉತ್ಸಾಹದಿಂದ ಮಾತನಾಡಿದರು. ಗಾಜಿನ ತಟ್ಟೆಯಲ್ಲಿ ಬೆಳೆಸಿದ್ದ ಕ್ಯಾನ್ಸರ್ ಕೋಶಗಳು ಸತ್ತಿದ್ದು ನಿಜ. ಆದರೆ ಪತ್ರಿಕೆಯಲ್ಲಿ ಗಾಜಿನ ತಟ್ಟೆ ಮಾಯವಾಗಿ, ಅಮೃತಬಳ್ಳಿಗೆ ಕ್ಯಾನ್ಸರ್ ಮಣಿಯಿತು ಎಂಬುದಷ್ಟೇ ಉಳಿದಿತ್ತು. ನಾವೆಲ್ಲ ನಕ್ಕು ಸುಮ್ಮನಾದೆವು.

ತಿಂಗಳ ಮೇಲೆ ಬಳ್ಳಿ ತರಲು ಹೋದಾಗ, ಆಸ್ಪತ್ರೆಯಲ್ಲಿ ಏನಂದರು ಎಂದು ಕೇಳಿದೆ.

"ಹೋಗ್ಲಿಲ್ಲ ಕಣೇ. ತಿಪ್ಪತೀಗ ಕಷಾಯ ಕುಡೀತಿದೀನಿ. ಪೇಪರ್‌ನಲ್ಲೇ ಬಂದೈತಲ್ಲ!"

ತಿಪ್ಪತೀಗ ಅಂದರೆ ನಮ್ಮ ಗಡಿನಾಡಿನ ತೆಲುಗಿನಲ್ಲಿ ಅಮೃತಬಳ್ಳಿಯೇ. ಬರೀ ಕಷಾಯ ಕುಡಿದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಚಿಕ್ಕಮ್ಮ ಒಂದು ಮಂಡಲ, ಅಂದರೆ ನಲವತ್ತೆಂಟು ದಿನದ ಪಥ್ಯ ಹಿಡಿದಿದ್ದಳು. ಹುಳಿ ಇಲ್ಲ, ಬಾಡು ಇಲ್ಲ, ಮುಖ್ಯವಾಗಿ ಬೇರೆ ಔಷಧಿ ಸೋಕಿಸುವಂತಿಲ್ಲ. ಕಾಮಾಲೆಗೆ ನಾಟಿ ಮದ್ದು ತಿಂದವರೆಲ್ಲ ನಮ್ಮ ಕಡೆ ಹಾಗೆಯೇ ಮಾಡುವುದು. ಆಸ್ಪತ್ರೆಯ ಸೂಜಿ ಪಥ್ಯ ಮುಗಿದ ಮೇಲೆ ಎಂದು ಅವಳು ನಿಶ್ಚಿಂತೆಯಿಂದ ಕೂತಿದ್ದಳು. ಒಳಗೆ ಗಂಟು ಮಾತ್ರ ಯಾವ ಪಥ್ಯವನ್ನೂ ಹಿಡಿದಿರಲಿಲ್ಲ.

ನಾನು ಗಿರಾಕಿಗಳ ಎದುರೇ ಕೂಗಾಡಿದೆ. "ಸತ್ತಿದ್ದು ನಮ್ಮ ಲ್ಯಾಬಿನ ಗಾಜಿನ ತಟ್ಟೇಲಿ. ಅಲ್ಲಿ ಒಳ್ಳೇ ಕೋಶಗಳೂ ಸತ್ತಿವೆ. ಬ್ಲೀಚಿಂಗ್ ಪೌಡರ್ ಹಾಕಿದ್ರೂ ಸಾಯ್ತವೆ, ಅದನ್ನೂ ಕಲಸ್ಕೊಂಡು ಕುಡೀತೀಯಾ?"

"ಮತ್ಯಾಕೆ ಬಂದು ಬಂದು ಬಳ್ಳಿ ಕುಯ್ಕೊಂಡು ಹೋಗ್ತೀಯ?"

"ಇನ್ನೂ ಗೊತ್ತಿಲ್ಲ ಅಂತಲೇ!"

ಅವಳು ಒಲೆಯ ಉರಿ ತಗ್ಗಿಸಿ ಮೆಲ್ಲಗೆ ಹೇಳಿದಳು. "ಆ ಸೂಜಿ ಹಾಕಿಸ್ಕೊಂಡ್ರೆ ಮುದ್ದೆ ತಿರುವೋಕೂ ಕೈ ಬರಲ್ಲ ಕಣೇ. ಈಗ ನೋಡು, ಹೆಂಗಿದೀನಿ." ಸೂಜಿ ನಿಂತಿದ್ದಕ್ಕೆ ಬಂದ ಕಸುವನ್ನು ಅವಳು ಬಳ್ಳಿಯ ಲೆಕ್ಕಕ್ಕೆ ಹಾಕಿದ್ದಳು. ನನ್ನ ಸಿಟ್ಟೆಲ್ಲ ಇಳಿದು ಅಳು ಬಂತು. ಅಲ್ಲೇ ಅತ್ತುಬಿಟ್ಟೆ.

ಗಿರಾಕಿಗಳು ಎದ್ದುಹೋದ ಮೇಲೆ ಅವಳೇ ಬಾಯಿಬಿಟ್ಟಳು. "ನಾಳೆ ಆಸ್ಪತ್ರೆಗೆ ಬರ್ತೀನಿ ಬಿಡು. ಆದ್ರೆ ಮದ್ದು ಕೊಟ್ಟೋರೇ ಪಥ್ಯ ಬಿಡಿಸ್ಬೇಕು."

"ಕೊಟ್ಟೋರು ಯಾರು? ನಿನ್ನ ಹಿತ್ತಲ ಬಳ್ಳಿ ತಾನೇ?"

"ಇಷ್ಟು ವರ್ಷ ಅದು ಬರೀ ಬಳ್ಳಿ. ಕ್ಯಾನ್ಸರ್‌ಗೆ ಮದ್ದು ಅಂತ ಮಾಡಿದ್ದು ನೀನೇ ಅಲ್ವೇನೇ?"

ನಾಟಿ ವೈದ್ಯರು ಪಥ್ಯದ ಕೊನೆಯ ದಿನ, ಬಿಡಿಸಿದ್ದ ಹುಳಿಯನ್ನು ತಾವೇ ಬಡಿಸುತ್ತಾರೆ. ನಡುವೆ ಬಡಿಸಿದರೆ ಮುಂದೆ ಆಗುವುದೆಲ್ಲ ಬಡಿಸಿದವರ ತಲೆಗೆ. ನನಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆ ಇಲ್ಲ. ಆದರೂ ಅವಳ ಮುದ್ದೆಯ ಪಕ್ಕಕ್ಕೆ ಒಂದು ಸೌಟು ಹುಣಸೆ ಸಾರನ್ನು ನಾನೇ ಬಡಿಸಿದೆ. ತಪ್ಪಿಹೋದ ವಾರಗಳಲ್ಲಿ ಗಂಟು ಎಲ್ಲಿಯವರೆಗೆ ಹೋಗಿದೆಯೋ ನನಗೆ ಗೊತ್ತಿರಲಿಲ್ಲ.

ಚಿಕ್ಕಮ್ಮ ಮುದ್ದೆಯನ್ನು ಸಾರಿಗದ್ದಿ ನುಂಗಿ ನನ್ನ ಮುಖ ನೋಡಿದಳು.

"ವಾಸಿ ಆಗುತ್ತೆ ತಾನೇ?"

ಪುರಾವೆ ಇಲ್ಲದೆ ಒಂದು ಸಾಲನ್ನೂ ಬರೆಯದ ನಾನು, "ಆಗುತ್ತೆ ಚಿಕ್ಕಮ್ಮ" ಅಂದುಬಿಟ್ಟೆ.